ಕಾರಿನ ಸದ್ದು ಅಡಗಿಸಿದ್ದೇನೆ

ಅಪ್ಪ,

ನೀನು ಬದುಕಿದ್ದರೆ ನನ್ನನ್ನು ಗ್ಯಾರೇಜಿನೊಳಗೆ ಬಿಡುತ್ತಿರಲಿಲ್ಲ. ನೀನು ಸೈಲೆನ್ಸರ್ ಬದಲಿಸಿ, ಒಳಗಿನ ಹಾಸು ಕಿತ್ತು ಗುಡುಗುವಂತೆ ಮಾಡಿದ್ದ ಹಳೆಯ ಸ್ಪೋರ್ಟ್ಸ್ ಕಾರಿನ ನೆಲಕ್ಕೆ ನಾನು ದಪ್ಪ ರಬ್ಬರ್ ಹಾಳೆ ಅಂಟಿಸಿದ್ದೇನೆ, ಬಾಗಿಲ ಸಂದುಗಳನ್ನೂ ಮುಚ್ಚಿದ್ದೇನೆ.

"ಗಾಡಿ ಜೀವಾನ ತಗದ್ಬಿಟ್ಟೆಲ್ಲವ್ವಾ" ಎಂದ ನಿನ್ನ ಗೆಳೆಯ ಅಂಬಪ್ಪ ಕಾಕಾ.

"ಹೌದ್ರೀ, ತಗದೀನಿ" ಎಂದೆ.

ಇವತ್ತು ಅವ್ವನನ್ನು ಕೂರಿಸಿಕೊಂಡು ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟೆ. ಮಸ್ಕಿ ದಾಟಿದರೂ ಅವಳ ಮಾತು ನಿಲ್ಲಲಿಲ್ಲ. ತವರಿನ ಬಾವಿ, ತಾನು ಈಜು ಕಲಿತದ್ದು, ಎಲ್ಲ ಹೇಳಿದಳು.

"ಅಪ್ಪ ಗಾಡಿ ಹೊಡಿಯುವಾಗ ಸುಮ್ಮನ ಕುಂದರ್ತಿದ್ದಿ?"

"ಆವಾಗೂ ಮಾತಾಡ್ತಿದ್ದೆ. ನಿಮ್ಮಿಬ್ಬರಿಗೂ ಕೇಳಸ್ತಿದ್ದಿಲ್ಲ."

ನಾನು ಗಾಡಿಯ ವೇಗ ಇಳಿಸಿದೆ.

ಸಿಟ್ಟಾಗುವುದಿದ್ದರೆ ಆಗು, ಅಪ್ಪ. ನಾಳೆಯೂ ಅವಳನ್ನು ಕರೆದುಕೊಂಡು ಹೋಗುತ್ತೇನೆ. ದೂರದ ದಾರಿಯನ್ನೇ ಹಿಡಿಯುತ್ತೇನೆ.