ಅಳಿಸಿಹೋದ ನಲವತ್ತೆರಡು ನಂಬರ್‌ಗಳು

ಆಗಸ್ಟ್ ೫, ೨೦೨೪. ಬೆಳಿಗ್ಗೆ ೯.೪೦
ಹುಣಸೂರು ಆಫೀಸು. ಮತ್ತೆ ಅದೇ ದೂರು. ಆನೆ ಬಂದು ಹೋದ ಮೇಲೆ ನಮ್ಮ ಎಚ್ಚರಿಕೆಯ ಕರೆ ಹೋಗಿದೆ. ಎಲ್ಲವನ್ನೂ ಒಂದೇ ಸರ್ವರ್‌ಗೆ ತುರುಕಿದ್ದೇವೆ, ಒಂದು ನಿಂತರೆ ಎಲ್ಲ ನಿಲ್ಲುತ್ತದೆ. ಈಗ ಮೂರು ಭಾಗ ಮಾಡುತ್ತಿದ್ದೇನೆ. ನಾವು ನೋಡುವ ವೆಬ್ ಪುಟ, ರೈತರಿಗೆ ತಾನೇ ಕರೆ ಮಾಡುವ ಪ್ರೋಗ್ರಾಮ್, ನಂಬರ್‌ಗಳ ಡೇಟಾಬೇಸ್. ಒಂದೊಂದಕ್ಕೂ ಬೇರೆ ಕಂಟೇನರ್ — ಸರ್ವರ್‌ನೊಳಗೆ ಬೇರೆ ಬೇರೆ ಡಬ್ಬಿ ಇದ್ದಂತೆ, ಒಂದು ನಿಂತರೂ ಉಳಿದವು ನಡೆಯುತ್ತವೆ.
ಸಂಸ್ಥೆ ನಡೆಸುವ ನಟರಾಜು ಸರ್ ಇಣುಕಿದರು. "ಯಾವತ್ತು ಮುಗೀತದೆ ಗೌತಮಿ?"
ಗುರುವಾರ ಎಂದೆ.

ಆಗಸ್ಟ್ ೮. ಮಧ್ಯಾಹ್ನ
ಮೂರೂ ಕಂಟೇನರ್ ಎದ್ದವು. ಹಳೆಯ ೩೧೮ ನಂಬರ್ ಒಳಗಿವೆ. ಪರೀಕ್ಷೆಗೆ ಕರೆ ಬಿಟ್ಟೆ — ನಾಲ್ಕೇ ಸೆಕೆಂಡ್. ವೀರನಹೊಸಹಳ್ಳಿಯ ದೊಡ್ಡಬೀರಯ್ಯನವರು ಫೋನ್ ಮಾಡಿದರು. ಕಾಡಂಚಿನಲ್ಲಿ ಆನೆ ಕಂಡರೆ ನಮಗೆ ತಿಳಿಸುವವರು ಅವರೇ.
"ಬಂತು ಕಣವ್ವ. ಎಲ್ಲಾರ ಫೋನೂ ಒಟ್ಗೆ ಬಡ್ಕತು."
ಪರವಾಗಿಲ್ಲ ಅನ್ನಿಸಿತು.

ಆಗಸ್ಟ್ ೧೨
ದೊಡ್ಡಬೀರಯ್ಯನವರ ಜೊತೆ ಕಾಡಿನ ಪಕ್ಕದ ಕೇರಿಗೆ. ಮನೆಮನೆ ಸುತ್ತಿ ೪೨ ಹೊಸ ನಂಬರ್ ಲ್ಯಾಪ್‌ಟಾಪ್‌ನಿಂದ ನೇರ ಡೇಟಾಬೇಸ್‌ಗೆ ಹಾಕಿದೆ. ತಿಮ್ಮಮ್ಮ ಎಂಬವರು ಚಾ ಕೊಟ್ಟರು. ಅವರ ನಂಬರನ್ನು ಮಗಳು ಕಾವ್ಯಶ್ರೀ ಹೇಳಿದಳು.

ಆಗಸ್ಟ್ ೧೯
ಚಿಕ್ಕ ಬದಲಾವಣೆ. ಕಂಟೇನರ್‌ಗಳನ್ನು ತೆಗೆದು ಹೊಸದಾಗಿ ಎಬ್ಬಿಸಿದೆ. ಪರದೆಯಲ್ಲಿ ಮೂರರ ಮುಂದೆಯೂ ಹಸಿರು ಗುರುತು. ಹತ್ತು ನಿಮಿಷದ ಕೆಲಸ. ಬೇಗ ಮನೆಗೆ.

ಆಗಸ್ಟ್ ೨೧. ೧೧.೦೦
ಬೆಳಿಗ್ಗೆ ೫.೫೦ಕ್ಕೆ ದೊಡ್ಡಬೀರಯ್ಯನವರು ತಿಳಿಸಿದ್ದಾರೆ. ಕರೆಗಳು ಹೋಗಿವೆ. ತಿಮ್ಮಮ್ಮನಿಗೆ ಹೋಗಿಲ್ಲ. ಹೊಗೆಸೊಪ್ಪಿನ ಹೊಲದಲ್ಲಿ ಆನೆ ಎದುರಾಯಿತಂತೆ. ಓಡುವಾಗ ಬದುವಿನಿಂದ ಬಿದ್ದು ಸೊಂಟದ ಮೂಳೆ ಮುರಿದಿದೆ. ಆನೆ ಪಕ್ಕದಲ್ಲೇ ದಾಟಿಹೋಯಿತು. ಜೀವಕ್ಕೆ ಅಪಾಯವಿಲ್ಲ.

ಅದೇ ದಿನ, ೨.೧೫
ಸಿಕ್ಕಿತು. ಡೇಟಾಬೇಸ್‌ಗೆ ಕಂಟೇನರ್‌ನ ಹೊರಗೆ ಜಾಗ ಕೊಟ್ಟಿರಲಿಲ್ಲ. ಆಮೇಲೆ ಸೇರಿಸಿದ್ದೆಲ್ಲ ಒಳಗೇ ಇತ್ತು, ೧೯ರಂದು ಕಂಟೇನರ್ ತೆಗೆದಾಗ ಆ ೪೨ ನಂಬರೂ ಹೋದವು. ಹಳೆಯ ೩೧೮ ಮೂಲ ಪ್ರತಿಯಲ್ಲೇ ಇದ್ದವು, ಹೊಸದು ಅವುಗಳೊಂದಿಗೆ ಎದ್ದಿದೆ. ಖಾಲಿಯಾಗಿದ್ದರೆ ಗೊತ್ತಾಗುತ್ತಿತ್ತು. ನಾನು ಎಣಿಸಿ ನೋಡಲಿಲ್ಲ.
"ಟವರ್ ಪ್ರಾಬ್ಲಮ್ ಅಂದ್ಬಿಡಿ," ಎಂದರು ನಟರಾಜು ಸರ್. "ಕಂಟೇನರ್ ಅಂದ್ರೆ ಅವರಿಗೆ ಅರ್ಥ ಆಗ್ತದಾ?"
"ಅಳಿಸಿಹೋಯ್ತು ಅಂದ್ರೆ ಆಗ್ತದೆ ಸರ್."


ಆಗಸ್ಟ್ ೨೪
ಮೂರು ದಿನ ಬೇಕಾಯಿತು, ಆಸ್ಪತ್ರೆಗೆ ಹೋಗಲು. ನಿಂತುಕೊಂಡೇ ಹೇಳಿದೆ — ನಿಮ್ಮ ನಂಬರ್ ಅಳಿಸಿಹೋಗಿತ್ತು, ನನ್ನ ತಪ್ಪು.
ಕಾವ್ಯಶ್ರೀ ನನ್ನ ಮುಖ ನೋಡಿದಳು. "ಮುಂಚೆ ಅವ್ವ ಬೀರಯ್ಯಣ್ಣನ್ನ ಕೇಳ್ಕಂಡೇ ಒಲಕ್ಕೋಯ್ತಿದ್ಲು ಕಣ್ರೀ. ನೀವು ಬಂದ್ ಮ್ಯಾಕೆ ಕೇಳೋದ್ ಬುಟ್ಲು."
"ಬುಡು ಮಗ," ತಿಮ್ಮಮ್ಮ ಮಲಗಿದ್ದಲ್ಲಿಂದಲೇ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಫೋನು ಸುಮ್ಕಿತ್ತು ಕಣವ್ವ. ಅದ್ಕೇ ಒಲಕ್ಕೋದೆ."
ಸ್ವಲ್ಪ ಹೊತ್ತು ಕುಳಿತು ಬಂದೆ.

ಆಗಸ್ಟ್ ೨೯
ಡೇಟಾಬೇಸ್‌ಗೆ ಹೊರಗೆ ಜಾಗ ಕೊಟ್ಟೆ. ಕಂಟೇನರ್ ಮೂರು ಸಲ ತೆಗೆದು ಎಬ್ಬಿಸಿದೆ. ಪರೀಕ್ಷೆಗೆ ಸೇರಿಸಿದ ನಂಬರ್ ಉಳಿದಿದೆ. ಎಣಿಸಿದೆ.
ಮತ್ತೆ ಕೇರಿಗೆ. ಪ್ರತಿ ಮನೆಯಲ್ಲೂ ಆದದ್ದು ಹೇಳಿದೆ. ಮೂವರು ನಂಬರ್ ಕೊಡಲಿಲ್ಲ. ೩೯ ಜನ ಕೊಟ್ಟರು. ತಿಮ್ಮಮ್ಮನದನ್ನು ಕಾವ್ಯಶ್ರೀಯೇ ಬರೆಸಿದಳು, ಎರಡು ಸಲ ಓದಿಸಿಕೊಂಡಳು.
ಇನ್ನು ದಿನಾ ಸಂಜೆ ಆರಕ್ಕೆ ಒಂದು ಪರೀಕ್ಷೆ ಕರೆ. ಅದು ಬರದಿದ್ದರೆ ಮಾರನೆಯ ದಿನ ನಮ್ಮನ್ನು ನಂಬಬೇಡಿ, ದೊಡ್ಡಬೀರಯ್ಯನವರನ್ನೇ ಕೇಳಿ ಎಂದೆ. ನಟರಾಜು ಸರ್‌ಗೆ ಇದು ಇಷ್ಟವಾಗಿಲ್ಲ.

ಸೆಪ್ಟೆಂಬರ್ ೩. ಬೆಳಿಗ್ಗೆ ೬.೦೫
ಎರಡು ಆನೆ, ಕೇರಿಯ ಹಿಂದಿನ ಜೋಳದಲ್ಲಿ. ೩೫೭ ಕರೆ ಹೋಗಿವೆ. ಒಬ್ಬರು ಎತ್ತಿಲ್ಲ — ನಿಂಗರಾಜು, ಕೊನೆಯ ಮನೆ, ಒಬ್ಬರೇ ಇರುವುದು. ನಾನೇ ಎರಡು ಸಲ ಮಾಡಿದೆ. ಇಲ್ಲ. ದೊಡ್ಡಬೀರಯ್ಯನವರಿಗೆ ಹೇಳಿದೆ.
"ಮನೆತಾವ್ಕೆ ಓಯ್ತಾ ಇವ್ನಿ. ಫೋನ್ ಮಡಗ್‌ಬ್ಯಾಡ."
ಇಟ್ಟಿಲ್ಲ. ಸ್ಪೀಕರ್‌ನಲ್ಲಿದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಅವರ ಉಸಿರು. ನಾಯಿ. ಬಾಗಿಲು ಬಡಿಯುತ್ತಿದ್ದಾರೆ. "ನಿಂಗರಾಜು! ಲೋ, ಒಳಗಿದ್ದೀಯೇನ್ಲಾ?" ಮತ್ತೆ ಬಡಿದರು. ಒಳಗೆ ಕೆಮ್ಮು. ಗಂಡಸಿನದು. ಚಿಲಕ ತೆಗೆದರು.