ಲಿಫ್ಟಿಲ್ಲದ ನಾಲ್ಕನೇ ಮಹಡಿ

ಮೈ ಡಿಯರ್ ವಿಸಿತಾ ಅಕ್ಕ,

ಮನೆ ಕೊಂಡೆ! ಮೊದಲು ಅದನ್ನೇ ಬರೆದುಬಿಟ್ಟೆ, ಆಮೇಲೆ ಬೇರೆ ಮಾತಿಗೆ ಹೊರಳಿ ಮರೆತೇನು ಅಂತ. ಜೀವಮಾನವಿಡೀ ಬಾಡಿಗೆದಾರನಾಗಿದ್ದ ನಿನ್ನ ತಮ್ಮ ಈಗ ಓನರ್. ನೋಟರಿಯ ಮುಂದೆ ತಪ್ಪು ಗೆರೆಯ ಮೇಲೆ ಸಹಿ ಹಾಕಿಬಿಟ್ಟೆ. ನನ್ನ ನಿಯೆವೆಸ್ ಬದುಕಿದ್ದರೆ "ಮದುವೆ ದಿನವೂ ಹೀಗೇ ಮಾಡಿದ್ರಿ" ಅಂತ ನಗುತ್ತಿದ್ದಳು.

ಸರಗೋಸಾದ ನಡುಪೇಟೆಯಲ್ಲಿ ನನ್ನಂಥ ಪಿಂಚಣಿದಾರನಿಗೆ ಸಿಕ್ಕರೆ ಒಂದು ಕಪಾಟು ಸಿಕ್ಕೀತು. ಅದಕ್ಕೇ ಊರಂಚಿನ ಲಾಸ್ ಫ್ಯುಯೆಂತೆಸ್‌ಗೆ ಬಂದೆ. "ಅಷ್ಟು ದೂರವಾ? ಬಸ್ಸಲ್ಲಿ ನಿದ್ದೆ ಮಾಡ್ಕೊಂಡು ಹೋಗು, ಡ್ರೈವರ್ ಎಬ್ಬಿಸ್ತಾನೆ" ಅಂತ ಇಸ್ಪೀಟಿನ ಗೆಳೆಯರು ಕಾಡಿದರು. ಕಾಡಲಿ. ಅಡುಗೆಮನೆಗೆ ಎಳೆಬಿಸಿಲು ಬೀಳುತ್ತದೆ, ಕೆಳಗೇ ಬ್ರೆಡ್ಡಿನಂಗಡಿ, ಬೀದಿ ದಾಟಿದರೆ ಎಬ್ರೊ ನದಿ. ಇಂಗ್ಲಿಷಿನಲ್ಲಿ ಹೇಳುವುದಾದರೆ ವಂಡರ್‌ಫುಲ್. ಎಕ್ಸಲೆಂಟ್ ಅನ್ನುವುದು ಅದಕ್ಕಿಂತ ಮೇಲೋ ಕೆಳಗೋ, ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಮರೆತೆ.

ಎರಡನೇ ಕೋಣೆ ನಿನ್ನದು. ನಿನ್ನ ಬಾಡಿಗೆಮನೆಯ ಮಾಲೀಕ ಬೇಸಿಗೆಯೊಳಗೆ ಖಾಲಿ ಮಾಡು ಅಂದಿದ್ದಾನೆಂದು ನೀನು ಬರೆದ ದಿನದಿಂದಲೇ ನಾನು ಮನೆ ಹುಡುಕಲು ಹೊರಟಿದ್ದು. ಆದರೆ ಇದು ನಾಲ್ಕನೇ ಮಹಡಿ, ಲಿಫ್ಟಿಲ್ಲ. ಅದಿದ್ದಿದ್ದರೆ ನನ್ನ ಕೈಗೆ ಎಟುಕುತ್ತಲೇ ಇರಲಿಲ್ಲ. ನಿನ್ನ ಮಂಡಿಗಳನ್ನು ನೆನೆದು ನಿದ್ದೆಗೆಟ್ಟೆ.

ನಮ್ಮಲ್ಲಿ ಕಟ್ಟಡದ ಅಧ್ಯಕ್ಷಗಿರಿ ಬಾಗಿಲಿಂದ ಬಾಗಿಲಿಗೆ ಸರದಿಯಲ್ಲಿ ಬರುತ್ತದಲ್ಲ, ನಾನು ಪೆಟ್ಟಿಗೆ ಬಿಚ್ಚುವ ಮೊದಲೇ ನನ್ನ ಬಾಗಿಲಿಗೆ ಬಂತು. "ಕಂಗ್ರಾಚುಲೇಷನ್ಸ್ ಪ್ರೆಸಿಡೆಂಟ್ರೇ, ಮೆಟ್ಟಿಲ ಬಲ್ಬ್ ಸುಟ್ಟುಹೋಗಿದೆ" ಅಂದಳು ಎದುರುಮನೆಯ ಚಾರೊ. ಲಿಫ್ಟಿನ ಮಾತೆತ್ತಿದೆ. ವರ್ಷ ವರ್ಷವೂ ಆ ಪ್ರಸ್ತಾಪ ಒಂದೇ ಓಟಿನ ಅಂತರದಲ್ಲಿ ಬಿದ್ದುಹೋಗುತ್ತದಂತೆ. ನೆಲಮಹಡಿಯ ಒಬ್ದೂಲಿಯಾ ಬೇಡ ಅನ್ನುತ್ತಾಳಂತೆ. "ಆ ಮುದುಕಿಯ ಹತ್ರ ಹೋಗ್ಬೇಡಿ, ಕಚ್ತಾಳೆ" ಅಂದಳು ಚಾರೊ.

ಹೋಗಲೇಬೇಕಾಯಿತು. ಸಿಯೆರ್ಸೊ ಗಾಳಿ ಬೀಸುವ ದಿನ ಕಿಟಕಿಯಾಚೆ ಬಟ್ಟೆ ಒಣಹಾಕಿದೆ ನೋಡು, ನನ್ನ ಚಡ್ಡಿಯೆಲ್ಲ ಅವಳ ಹಿತ್ತಲಿಗೆ. "ಬನ್ನಿ ಅಧ್ಯಕ್ಷರೇ, ನಿಮಗಿಂತ ಮೊದಲು ನಿಮ್ಮ ಚಡ್ಡಿಗಳ ಪರಿಚಯವಾಯ್ತು" ಅಂದಳು. ಎಲ್ಲ ಮಡಿಚಿಟ್ಟಿದ್ದಳು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಾಫಿ ಕೊಟ್ಟಳು. ಧೈರ್ಯ ಮಾಡಿ ಕೇಳಿದೆ, ಲಿಫ್ಟ್ ಯಾಕೆ ಬೇಡ ಅಂತ.

"ನನ್ನನ್ನ ಯಾರು ಕೇಳಿದ್ರು? ಬಾಗಿಲ ಸಂದಿಯಲ್ಲಿ ನೋಟಿಸ್ ತೂರಿಸ್ತಾರೆ, ಅಷ್ಟೇ. ಸೊಂಟ ಮುರಿದ ಮೇಲೆ ಮೇಲಕ್ಕೆ ಹತ್ತಿಲ್ಲ ನಾನು. ತಾರಸಿಯಿಂದ ಮೊಂಕಾಯೊ ಬೆಟ್ಟದ ಹಿಮ ಕಾಣತ್ತೆ. ನನಗೆ ಇಲ್ಲಿಂದ ಕಾಣೋದು ನಿಮ್ಮೆಲ್ಲರ ಬಟ್ಟೆಯ ತಳ."

"ತಾರಸಿಯವರೆಗೂ ಹೋಗೋ ಲಿಫ್ಟ್ ಆದರೆ?" ಅಂದೆ. ಪಿಂಗಾಣಿ ಬಟ್ಟಲು ಕೆಳಗಿಟ್ಟಳು. ನನ್ನ ಬಟ್ಟಲಿಗೆ ಮತ್ತಷ್ಟು ಕಾಫಿ ಸುರಿದಳು.

ನಿನ್ನೆ ಸಭೆ. ಎಲ್ಲರೂ ಎಂದಿನಂತೆ ಮೆಟ್ಟಿಲ ಮೇಲೆ, ಅವಳು ಕುರ್ಚಿ ತಂದು ನಟ್ಟನಡುವೆ. ತಾರಸಿಯವರೆಗೆ ಹೋಗುವ ಲಿಫ್ಟಿಗೆ ಓಟು ಕೇಳಿದೆ. ಎಲ್ಲರಿಗಿಂತ ಮೊದಲು ಅವಳ ಕೈ ಮೇಲೆದ್ದಿತು! "ಏನು ಪಿಳಿಪಿಳಿ ನೋಡ್ತೀರಿ? ಎಣಿಸ್ರಿ!" ಅಂತ ಗದರಿದಳು. ಚಾರೊ ಓಡಿಹೋಗಿ ಅವಳ ಕೆನ್ನೆಗೆ ಮುತ್ತಿಟ್ಟಳು. ಸಭೆ ಬೀದಿತುದಿಯ ಬಾರಿನಲ್ಲಿ ಮುಗಿಯಿತು.

ಲಿಫ್ಟಿನ ಕೆಲಸ ಶುರುವಾಗುವುದು ಚಳಿಗಾಲಕ್ಕೆ. ಅಲ್ಲಿಯವರೆಗೆ ನೀನೆಲ್ಲಿರುತ್ತೀ ಅಂತ ಅಲ್ಲೇ ಗೊಣಗಿದೆ. ಅದಕ್ಕೆ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ ಅಕ್ಕ: ನೀನು ಬರುವ ದಿನ ಮೆಟ್ಟಿಲ ಪ್ರತಿ ತಿರುವಿನಲ್ಲೂ ಆಯಾ ಮಹಡಿಯವರು ಒಂದು ಕುರ್ಚಿ ಹಾಕಿ ಕಾಯುತ್ತಾರಂತೆ. "ನಿಮ್ಮಕ್ಕ ಹತ್ತಿ ಮುಗಿಸೋಕೆ ಸಂಜೆಯಾದ್ರೂ ಆಗಲಿ, ದಾರಿಯಲ್ಲೇ ಊಟ ಹಾಕ್ತೀವಿ" ಅಂದಳು ಚಾರೊ. ಆದ್ದರಿಂದ ಹಸಿದುಕೊಂಡು ಬಾ.

ದೇವರು ನಿನ್ನ ಮಂಡಿಗಳಿಗೆ ಬಲ ಕೊಡಲಿ, ಉಳಿದದ್ದನ್ನು ನೆರೆಯವರು ನೋಡಿಕೊಳ್ಳುತ್ತಾರೆ.

ಬಾಗಿಲು ತೆರೆದಿಟ್ಟು ಕಾಯುವ ನಿನ್ನ ತಮ್ಮ,
ಸಾತುರ್ನಿನೊ