ಮೈಕ್ ನನ್ನ ಕೈಗೆ ಬಂದಾಗ

ಮಾರ್ಚ್ 4, ಮಂಗಳವಾರ, ಸಂಜೆ

ಮತ್ತೆ ಪ್ರಾಕ್ಟೀಸ್. ಖಾಲಿ ಕ್ಲಾಸ್‌ರೂಮ್, ತಿರುಗದ ಫ್ಯಾನ್. ಶುಕ್ರವಾರವೇ ಯೂನಿವರ್ಸಿಟಿಯ ಅರ್ಥಶಾಸ್ತ್ರ ವಿಚಾರ ಸಂಕಿರಣ. ನಮ್ಮ ವಿಷಯ: ತರಕಾರಿ ಮಾರುವವರು ಸಂಜೆ ಬೆಲೆ ಇಳಿಸುವುದು ಯಾವಾಗ, ಏಕೆ. ಮೊದಲರ್ಧ ನಾನು, ಉಳಿದದ್ದು ಕಡ್ಡಿ — ಸಣಕಲು ಮೈಯ ನನ್ನ ಗೆಳತಿಗೆ ನಾನಿಟ್ಟ ಹೆಸರು. ಮಾರ್ಕೆಟ್ ಸುತ್ತಿದವಳು ಅವಳು. ನಾನು ಕೂತಲ್ಲೇ ಗ್ರಾಫ್ ಮಾಡಿದವಳು.

ಕಡ್ಡಿಗೆ ಮಾತು ತಡೆಯುತ್ತದೆ. ಅದರಲ್ಲೂ 'ಮ' ಎದುರಾದರೆ ಮುಗಿಯಿತು. ಇವತ್ತು 'ಮಾರುಕಟ್ಟೆ' ಅನ್ನುವಷ್ಟರಲ್ಲಿ ಬೆವೆತುಹೋದಳು. ಕಾದೆ. ಬಂತು. ಇಬ್ಬರೂ ನಕ್ಕೆವು.

"ಅಲ್ಲಿ ನಾನು ತಡವರಿಸಿದ್ರೆ ನೀನು ಬಾಯಿ ಹಾಕ್ಬೇಡ ಕಣೆ. ನಾನೇ ಮುಗಿಸ್ತೀನಿ."

"ಹೂಂ, ಹಾಕಲ್ಲ."

ಮಾರ್ಚ್ 7, ಶುಕ್ರವಾರ

ಅತ್ಯುತ್ತಮ ಪ್ರಬಂಧ — ನಮ್ಮದೇ. ಅಮ್ಮ ಫೋನಿನಲ್ಲಿ ಅತ್ತೇಬಿಟ್ಟಳು. ಗೈಡ್ ಬೆನ್ನು ತಟ್ಟಿದರು: "ಪರಿಸ್ಥಿತಿ ಚೆನ್ನಾಗಿ ನಿಭಾಯಿಸಿದೆ."

ಆದದ್ದು ಇಷ್ಟು. ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಕಡ್ಡಿಯನ್ನೇ ನೋಡಿ ಕೇಳಿದರು: "ಮಳೆ ಬಂದ ದಿನ ನಿಮ್ಮ ಲೆಕ್ಕ ತಲೆಕೆಳಗಾಗಲ್ವಾ?" ಕಡ್ಡಿ ಮೈಕ್ ಹಿಡಿದಳು. "ಮ... ಮ..." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಅವಳ ಕೈಯಿಂದ ಮೈಕ್ ತೆಗೆದುಕೊಂಡೆ. ಏನೇನೋ ಹೇಳಿದೆ — ಮಳೆ ದಿನ ಬೆಲೆ ಇನ್ನೂ ಬೇಗ ಇಳಿಸುತ್ತಾರೆ, ಕೊಳೆಯುವ ಭಯ, ಬೇಡಿಕೆ, ರಿಸ್ಕ್... ಬಾಯಿಗೆ ಬಂದ ಪದಗಳನ್ನೆಲ್ಲ ಪೋಣಿಸಿದೆ. ಚಪ್ಪಾಳೆ.

ಕಡ್ಡಿ ಫೋಟೋಗೆ ನಿಂತಳು. ಊಟಕ್ಕೆ ನಿಲ್ಲಲಿಲ್ಲ.

ಸಹಾಯ ಮಾಡಿದೆ, ಅಷ್ಟೇ. ಅಲ್ಲವೇ...

ಮಾರ್ಚ್ 9, ಭಾನುವಾರ

ಡಿಪಾರ್ಟ್‌ಮೆಂಟ್ ಗ್ರೂಪಿನಲ್ಲಿ ವಿಡಿಯೋ ಬಂತು. ಅಕ್ಕ ಅದನ್ನು ನೆಂಟರಿಗೆಲ್ಲ ಕಳಿಸಿದ್ದಾಳೆ. "ನಮ್ಮ ಹುಡುಗಿ ನೋಡಿ, ಫ್ರೆಂಡ್ ಮರ್ಯಾದೆ ಉಳಿಸಿದ್ಲು" ಎಂದು ಬೇರೆ ಬರೆದಿದ್ದಾಳೆ.

ನಾನೂ ನೋಡಿದೆ. ನಾನು ಮೈಕಿಗೆ ಕೈ ಹಾಕುವ ಹೊತ್ತಿಗೆ ಕಡ್ಡಿಗೆ ಮಾತು ಬಂದುಬಿಟ್ಟಿತ್ತು. "ಮಳೆ ದಿನ ಅವರು—" ಎನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಆಮೇಲೆ ನನ್ನ ದನಿ. ಅವಳ ಬಾಯಿ ತೆರೆದೇ ಇದೆ. ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಅವತ್ತು ನನಗೆ ಅದು ಕೇಳಿಸಿರಲಿಲ್ಲ ಎಂದು ಬರೆಯಲು ಹೊರಟಿದ್ದೆ.

ಕೇಳಿಸಿತ್ತು.

ಮಾರ್ಚ್ 20, ಗುರುವಾರ

ಕೊನೆಗೂ ಅವಳ ಹಾಸ್ಟೆಲ್‌ಗೆ ಹೋದೆ. ಬಟ್ಟೆ ಮಡಚುತ್ತಿದ್ದಳು. ಕುರ್ಚಿ ಖಾಲಿ ಮಾಡಿಕೊಟ್ಟಳು. ಎಲ್ಲಿಂದ ಶುರು ಮಾಡಬೇಕೋ ತೋಚದೆ, ಮಳೆ ದಿನ ಏನಾಗುತ್ತೆ ಎಂದು ಕೇಳಿದೆ.

ತಡೆದು ತಡೆದು ಹೇಳಿದಳು. "ಅವತ್ತು ಬೆಲೆ ಇಳಿಸೋದೇ ಇಲ್ಲ. ಮಿಕ್ಕಿದ್ದನ್ನ ತಮ್ಮತಮ್ಮಲ್ಲೇ ಹಂಚ್ಕೊಂಡು ಬೇಗ ಮನೆಗೆ ಹೋಗ್ತಾರೆ."

ನಾನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

"ಸಾರಿ ಕಣೆ. ನಿಂಗೆ ಕಷ್ಟ ಆಗ್ತಿದೆ ಅಂದ್ಕೊಂಡೆ" ಅಂದೆ.

ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಕೈಯಲ್ಲಿದ್ದ ಟವೆಲ್ ಹಾಗೇ ಹಿಡಿದು ನನ್ನನ್ನೇ ನೋಡಿದಳು.

"ಪ್ರಾ... ಪ್ರಾಕ್ಟೀಸಲ್ಲಿ ಎಷ್ಟು ಹೊತ್ತಾದ್ರೂ ಕಾಯ್ತಿದ್ಯಲ್ಲೇ. ಅವತ್ತೇನಾಯ್ತು?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು ಎದ್ದುಬಂದೆ.

ಇಲ್ಲಾದರೂ ಬರೆಯಬೇಕು. ಕ್ಲಾಸ್‌ರೂಮಿನಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಸಭೆಯಲ್ಲಿ ಅವಳ ಪಕ್ಕ ನಿಂತಿದ್ದ ನನ್ನನ್ನೂ ಅಷ್ಟೂ ಜನ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ—